ಬಚ್ಚಲು ಮೋರಿ ಕಟ್ಟಿಕೊಂಡಾಗ: ಪೈಪು ಕೆಡಿಸದೆ, ಪ್ರಾಣಕ್ಕೆ ಕುತ್ತು ತಂದುಕೊಳ್ಳದೆ ಬಿಡಿಸುವ ಕ್ರಮ



ಬೆಳಗಿನ ಐದೂವರೆ ಗಂಟೆ. ಹಾಲು ಕರೆದಾಗಿದೆ. ಸಂಘಕ್ಕೆ ಹಾಲು ಹಾಕುವ ಹೊತ್ತು ಹತ್ತಿರವಾಗುತ್ತಿದೆ. ಪಾತ್ರೆ ತೊಳೆಯಲು ಬಚ್ಚಲಿಗೆ ಹೋದರೆ ನೀರು ಇಳಿಯುತ್ತಿಲ್ಲ, ಪಾದ ಮುಳುಗುವಷ್ಟು ನಿಂತಿದೆ. ಕೊಟ್ಟಿಗೆ ತೊಳೆದ ನೀರೂ ಮೋರಿಯಲ್ಲಿ ಮುಂದೆ ಹೋಗದೆ ಹಿಂದಕ್ಕೆ ಬರುತ್ತಿದೆ. ಇಂಥ ಹೊತ್ತಿನಲ್ಲಿ ನಾವು ಮಾಡುವುದೇನು? ಕೈಗೆ ಸಿಕ್ಕ ಹಾರೆಯನ್ನೋ ಕಬ್ಬಿಣದ ಸರಳನ್ನೋ ತಂದು ಪೈಪಿನೊಳಗೆ ಚುಚ್ಚುತ್ತೇವೆ. ಅದಕ್ಕೂ ಬಗ್ಗದಿದ್ದರೆ ಅಂಗಡಿಯಿಂದ ಆಸಿಡ್ ತಂದು ಸುರಿಯುತ್ತೇವೆ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿದರು ಎನ್ನುವ ಗಾದೆ ಇಂಥ ಕೆಲಸಕ್ಕೇ ಹೇಳಿದ್ದು.

"ಹಾಲಿನ ಪತ್ರಿಕೆಯಲ್ಲಿ ಬಚ್ಚಲ ವಿಷಯ ಏಕೆ?" ಎಂದು ನೀವು ಕೇಳಬಹುದು. ಕಾರಣವಿದೆ. ಮೋರಿ ಕಟ್ಟಿದರೆ ಕೊಟ್ಟಿಗೆಯ ನೆಲ ಒಣಗುವುದಿಲ್ಲ. ಹಾಲು ಕರೆದ ನಂತರ ಸುಮಾರು ಅರ್ಧ ಗಂಟೆಯವರೆಗೆ ಹಸುವಿನ ಮೊಲೆತೊಟ್ಟಿನ ರಂಧ್ರ ಪೂರ್ತಿ ಮುಚ್ಚಿಕೊಂಡಿರುವುದಿಲ್ಲ. ಆ ಹೊತ್ತಿನಲ್ಲಿ ಹಸು ಗಂಜಲ, ಸಗಣಿ ನಿಂತ ನೆಲದ ಮೇಲೆ ಮಲಗಿದರೆ ರೋಗಾಣುಗಳು ಒಳಸೇರಿ ಕೆಚ್ಚಲು ಬಾವು ಬರುವ ಸಂಭವ ಹೆಚ್ಚು. ನಿಂತ ನೀರಿನಲ್ಲಿ ನೊಣ, ಸೊಳ್ಳೆ ಹೆಚ್ಚುತ್ತವೆ. ಇಲಿ ಓಡಾಡುವ ಮೋರಿಯ ನೀರಿನಿಂದ ಇಲಿಜ್ವರ ಮನುಷ್ಯರಿಗೂ ಹಸುಗಳಿಗೂ ತಗಲಬಹುದು. ಮೇಲಾಗಿ, ಮೋರಿ ಬಿಡಿಸಲು ಹೋಗಿ ಆಸಿಡ್‌ನಿಂದ ಕಣ್ಣು ಕಳೆದುಕೊಳ್ಳುವ, ಗುಂಡಿಗೆ ಇಳಿದು ಪ್ರಾಣ ಕಳೆದುಕೊಳ್ಳುವ ಪ್ರಸಂಗಗಳು ಇಂದಿಗೂ ನಿಂತಿಲ್ಲ.

2019ರಲ್ಲಿ ಜಲ ಜೀವನ್ ಮಿಷನ್ ಆರಂಭವಾದ ಮೇಲೆ ನಮ್ಮ ಅನೇಕ ಹಳ್ಳಿಗಳಲ್ಲಿ ಮನೆಯೊಳಗೇ ನಲ್ಲಿ ಬಂದಿದೆ. ಬಿಂದಿಗೆಯಲ್ಲಿ ಹೊತ್ತು ತರುತ್ತಿದ್ದಾಗ ಬಳಸುತ್ತಿದ್ದ ನೀರಿಗಿಂತ ಈಗ ಬಳಸುವ ನೀರು ಹೆಚ್ಚು. ಆದರೆ ನೀರು ಹೊರಹೋಗುವ ದಾರಿ ಮಾತ್ರ ಎಷ್ಟೋ ಮನೆಗಳಲ್ಲಿ ಹಳೆಯದೇ. ಆದ್ದರಿಂದ ಈ ಪಾಠವನ್ನು ಮನೆಯವರೆಲ್ಲರೂ ಕುಳಿತು ಓದಿಕೊಳ್ಳಿ. ಓದು ಬಾರದ ಹಿರಿಯರಿಗೆ ಓದಿ ಹೇಳಿ.

ಮೊದಲು ನಿಮ್ಮ ಮನೆಯ ನೀರಿನ ದಾರಿ ತಿಳಿದುಕೊಳ್ಳಿ

ಅಡುಗೆಮನೆ, ಬಚ್ಚಲು, ಕೊಟ್ಟಿಗೆ ಈ ಮೂರು ಕಡೆಯ ನೀರು ಎಲ್ಲಿ ಕೂಡಿಕೊಳ್ಳುತ್ತದೆ, ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಒಮ್ಮೆ ಸುತ್ತಾಡಿ ನೋಡಿ. ಕೆಲವರ ಮನೆಯಲ್ಲಿ ಅದು ಊರಿನ ಚರಂಡಿಗೆ ಹೋಗುತ್ತದೆ. ಕೆಲವರಲ್ಲಿ ಇಂಗುಗುಂಡಿಗೆ ಅಥವಾ ಬಾಳೆ, ತೆಂಗಿನ ಬುಡಕ್ಕೆ ಹೋಗುತ್ತದೆ. ಕೊಟ್ಟಿಗೆಯ ನೀರು ತಿಪ್ಪೆಗುಂಡಿಗೋ ಗೋಬರ್ ಗ್ಯಾಸ್ ಗುಂಡಿಗೋ ಸೇರುವುದೂ ಉಂಟು.

ಇದನ್ನು ತಿಳಿದಿರಬೇಕಾದ್ದು ಏಕೆಂದರೆ, ನೀವು ಪೈಪಿಗೆ ಸುರಿದದ್ದು ಪೈಪಿನಲ್ಲೇ ಉಳಿಯುವುದಿಲ್ಲ. ಅದು ಬಾಳೆ ಬುಡಕ್ಕೋ, ಗೋಬರ್ ಗ್ಯಾಸ್ ಗುಂಡಿಗೋ, ದನ ನೀರು ಕುಡಿಯುವ ಹಳ್ಳಕ್ಕೋ ಹೋಗಿ ಸೇರುತ್ತದೆ. ಗೋಬರ್ ಗ್ಯಾಸ್ ಉತ್ಪತ್ತಿಯಾಗುವುದು ಸಗಣಿಯಲ್ಲಿರುವ ಸೂಕ್ಷ್ಮ ಜೀವಿಗಳಿಂದ. ಆಸಿಡ್, ಕಾಸ್ಟಿಕ್ ಸೋಡಾ, ಫಿನಾಯಿಲ್, ಹೆಚ್ಚಿನ ಸಾಬೂನು ನೀರು ಅಲ್ಲಿಗೆ ಸೇರಿದರೆ ಈ ಜೀವಿಗಳು ಸಾಯುತ್ತವೆ, ಒಲೆಯಲ್ಲಿ ಗ್ಯಾಸ್ ಕಡಿಮೆಯಾಗುತ್ತದೆ. ಆದಕಾರಣ ಬಚ್ಚಲ ನೀರನ್ನು ಗೋಬರ್ ಗ್ಯಾಸ್ ಗುಂಡಿಗೆ ಬಿಡಲೇಬಾರದು.

ಕಟ್ಟಿಕೊಳ್ಳುವುದು ಏನು?

ಒಂದೊಂದು ಜಾಗದಲ್ಲಿ ಒಂದೊಂದು ವಸ್ತು ಕಟ್ಟುತ್ತದೆ. ಅದಕ್ಕೆ ತಕ್ಕಂತೆ ಉಪಾಯವೂ ಬೇರೆ.

ಅಡುಗೆಮನೆ: ಎಣ್ಣೆ, ತುಪ್ಪ, ಅನ್ನದ ಅಗುಳು, ಕಾಫಿ, ಟೀ ಚರಟ, ಪಾತ್ರೆ ತೊಳೆದ ಬೂದಿ. ಎಣ್ಣೆ ಜಿಡ್ಡು ಪೈಪಿನ ಒಳಗೋಡೆಗೆ ಅಂಟುತ್ತದೆ. ಅದರ ಮೇಲೆ ಬೂದಿ, ಚರಟ ಕುಳಿತು ಗಾರೆಯಂತೆ ಗಟ್ಟಿಯಾಗುತ್ತದೆ.

ಬಚ್ಚಲು: ಕೂದಲು, ಸಾಬೂನು, ಸೀಗೆಪುಡಿ, ತೆಂಗಿನ ನಾರು, ಸಾಬೂನು ಸುತ್ತಿದ ಕಾಗದ. ಕೊಳವೆಬಾವಿಯ ಗಡಸು ನೀರಿನಲ್ಲಿ ಸಾಬೂನು ನೊರೆ ಬರುವ ಬದಲು ಬಿಳಿ ಗಸಿಯಾಗುತ್ತದೆ. ಈ ಗಸಿ ಕೂದಲಿಗೆ ಅಂಟಿಕೊಂಡು ಬತ್ತಿ ಹೊಸೆದಂತೆ ಬೆಳೆಯುತ್ತದೆ.

ಹಾಲಿನ ಪಾತ್ರೆ ತೊಳೆಯುವ ಜಾಗ: ಹಾಲಿನ ಜಿಡ್ಡು ಮತ್ತು ಹೆಪ್ಪಾದ ಹಾಲಿನ ಗಸಿ. ಹಾಲಿನ ಜಿಡ್ಡು ಬೆಚ್ಚಗಿರುವಾಗ ಕರಗಿ ಹರಿಯುತ್ತದೆ, ತಣ್ಣಗಾದ ಕೂಡಲೇ ಬೆಣ್ಣೆಯಂತೆ ಗಟ್ಟಿಯಾಗುತ್ತದೆ. ಚಳಿಗಾಲದಲ್ಲಿ ಮೋರಿ ಹೆಚ್ಚು ಕಟ್ಟುವುದಕ್ಕೆ ಇದೂ ಒಂದು ಕಾರಣ.

ಕೊಟ್ಟಿಗೆ: ಸಗಣಿ, ತಿಂದು ಬಿಟ್ಟ ಹುಲ್ಲು, ಜೋಳದ ದಂಟು, ಬೂಸಾ, ಮಣ್ಣು. ಮೇವು ಕತ್ತರಿಸುವ ಯಂತ್ರವಿರುವ ಮನೆಯಲ್ಲಿ ಹುಲ್ಲಿನ ಸಣ್ಣ ತುಂಡುಗಳು ಜಾಲರಿಯಲ್ಲೂ ನುಸುಳಿ ಪೈಪಿನ ತಿರುವಿನಲ್ಲಿ ನಿಲ್ಲುತ್ತವೆ.

ಹೊರಗಿನ ಪೈಪು: ಮರದ ಬೇರು, ಹೂಳು, ಇಲಿ ತೋಡಿದ ಮಣ್ಣು. ಕೀಲು ಬಿಟ್ಟ ಪೈಪಿನೊಳಗೆ ತೆಂಗಿನ ಬೇರು ನೀರು ಹುಡುಕಿಕೊಂಡು ಬರುತ್ತದೆ.

ಎಲ್ಲಿ ಕಟ್ಟಿದೆ ಎಂದು ಕಂಡುಹಿಡಿಯುವುದು

ಕೈ ಹಾಕುವ ಮುಂಚೆ ಐದು ನಿಮಿಷ ನೋಡಿ. ಈ ಐದು ನಿಮಿಷ ನಿಮ್ಮ ಅರ್ಧ ದಿನ ಉಳಿಸುತ್ತದೆ.

1. ಒಂದೇ ಜಾಗದಲ್ಲಿ ನೀರು ನಿಂತು ಉಳಿದ ಕಡೆ ಸರಾಗವಾಗಿ ಹೋಗುತ್ತಿದ್ದರೆ, ಆ ಜಾಗದ ಜಾಲರಿ ಅಥವಾ ಅದರ ಕೆಳಗಿನ ಟ್ರ್ಯಾಪ್‌ನಲ್ಲೇ ಕಟ್ಟಿದೆ.

2. ಎಲ್ಲ ಕಡೆಯೂ ನೀರು ನಿಂತರೆ, ಅಥವಾ ಕೊಟ್ಟಿಗೆಯಲ್ಲಿ ಸುರಿದ ನೀರು ಬಚ್ಚಲಲ್ಲಿ ಮೇಲೆದ್ದರೆ, ಎಲ್ಲವೂ ಕೂಡಿದ ಮೇಲಿನ ದೊಡ್ಡ ಪೈಪಿನಲ್ಲಿ ಕಟ್ಟಿದೆ.

3. ಹೊರಗೆ ಚೇಂಬರ್ ಇದ್ದರೆ ಅದರ ಮುಚ್ಚಳ ತೆಗೆದು ನೋಡಿ. ಚೇಂಬರ್ ತುಂಬಿದ್ದರೆ ಕಟ್ಟಿರುವುದು ಅದರ ಮುಂದಿನ ಪೈಪಿನಲ್ಲಿ. ಚೇಂಬರ್ ಖಾಲಿಯಿದ್ದರೆ ಕಟ್ಟಿರುವುದು ಮನೆಗೂ ಚೇಂಬರಿಗೂ ನಡುವೆ.

4. ಪೈಪಿನ ಕೊನೆಯವರೆಗೂ ನೀರು ಹೋಗುತ್ತಿದ್ದು, ಅಲ್ಲಿ ಇಂಗುಗುಂಡಿಯೇ ತುಂಬಿ ನಿಂತಿದ್ದರೆ ಪೈಪಿನ ತಪ್ಪೇನೂ ಇಲ್ಲ. ಗುಂಡಿಯ ಕಲ್ಲಿಗೆ ಜಿಡ್ಡು ಹಿಡಿದು ನೀರು ಇಂಗುತ್ತಿಲ್ಲ ಎಂದು ತಿಳಿಯಿರಿ. ಪೈಪಿಗೆ ಎಷ್ಟು ಚುಚ್ಚಿದರೂ ಪ್ರಯೋಜನವಿಲ್ಲ.

ಚೇಂಬರ್ ಮುಚ್ಚಳ ತೆಗೆಯುವಾಗ ಬೀಡಿ, ಸಿಗರೇಟು, ದೀಪ ಹತ್ತಿರ ಇರಬಾರದು. ಮುಖವನ್ನು ಒಳಗೆ ಬಗ್ಗಿಸಿ ನೋಡಬೇಡಿ. ಮುಚ್ಚಳ ಸರಿಸಿ, ಸ್ವಲ್ಪ ಹೊತ್ತು ಗಾಳಿಯಾಡಲು ಬಿಟ್ಟು, ಗಾಳಿ ಬೀಸುವ ದಿಕ್ಕಿಗೆ ಬೆನ್ನು ಮಾಡಿ ದೂರದಿಂದ ನೋಡಿ. ತೆರೆದ ಚೇಂಬರ್ ಬಳಿ ಮಕ್ಕಳು, ಕರುಗಳು ಸುಳಿಯದಂತೆ ಒಬ್ಬರು ಕಾವಲಿರಬೇಕು.

ಬಿಡಿಸುವ ಕ್ರಮ

ಸುಲಭದ ಕೆಲಸದಿಂದ ಆರಂಭಿಸಿ. ಒಂದು ಹಂತದಲ್ಲಿ ನೀರು ಇಳಿದರೆ ಮುಂದಿನ ಹಂತಕ್ಕೆ ಹೋಗುವ ಅಗತ್ಯವಿಲ್ಲ. ಕೈಗೆ ರಬ್ಬರ್ ಕೈಚೀಲ ಹಾಕಿಕೊಳ್ಳಿ. ಇಲ್ಲದಿದ್ದರೆ ತೂತಿಲ್ಲದ ದಪ್ಪ ಪ್ಲಾಸ್ಟಿಕ್ ಚೀಲವನ್ನು ಮಣಿಕಟ್ಟಿಗೆ ಬಿಗಿಯಾಗಿ ಕಟ್ಟಿಕೊಳ್ಳಿ. ಕೈ ಕಾಲಲ್ಲಿ ಗಾಯವಿದ್ದವರು ಈ ಕೆಲಸಕ್ಕೆ ಇಳಿಯಬಾರದು. ಇಲಿಜ್ವರದ ರೋಗಾಣು ಗಾಯದ ಮೂಲಕ ಸುಲಭವಾಗಿ ಸೇರುತ್ತದೆ.

ಹಂತ 1: ನೀರು ಹೊರತೆಗೆಯಿರಿ. ನಿಂತ ನೀರನ್ನು ಚೊಂಬಿನಿಂದ ಬಕೆಟ್ಟಿಗೆ ತುಂಬಿ ಹೊರಗೆ ಹಾಕಿ. ಮೇಲಿಂದ ಮೇಲೆ ನೀರು ಸುರಿದು ನೋಡುವುದನ್ನು ನಿಲ್ಲಿಸಿ. ಕೆಲಸ ಮುಗಿಯುವವರೆಗೆ ನಲ್ಲಿ ತಿರುಗಿಸಬಾರದೆಂದು ಮನೆಯವರಿಗೆಲ್ಲ ಹೇಳಿ.

ಹಂತ 2: ಜಾಲರಿ ಎತ್ತಿ ಕೈಯಿಂದ ತೆಗೆಯಿರಿ. ಬಚ್ಚಲಿನ ಜಾಲರಿಯ ಕೆಳಗೆ ನೀರು ನಿಲ್ಲುವ ಬಟ್ಟಲಿನಂಥ ಭಾಗ ಇರುತ್ತದೆ. ಗಾರೆಯವರು ಇದನ್ನು ನಹಾನಿ ಟ್ರ್ಯಾಪ್ ಎನ್ನುತ್ತಾರೆ. ಅದರಲ್ಲಿ ಸದಾ ಒಂದಿಷ್ಟು ನೀರು ನಿಂತಿರುವುದು ದೋಷವಲ್ಲ. ಚರಂಡಿಯ ವಾಸನೆ, ಜಿರಳೆ ಒಳಗೆ ಬಾರದಂತೆ ತಡೆಯುವುದೇ ಆ ನೀರು. ಕೂದಲಿನ ಗಂಟು ಅಲ್ಲೇ ಕುಳಿತಿರುತ್ತದೆ. ತುದಿ ಮಡಚಿದ ತಂತಿಯಿಂದ ಮೇಲಕ್ಕೆ ಎಳೆದು ತೆಗೆಯಿರಿ. ಒಳಕ್ಕೆ ತಳ್ಳಬೇಡಿ. ತಳ್ಳಿದ ಗಂಟು ಮುಂದಿನ ತಿರುವಿನಲ್ಲಿ ಇನ್ನೂ ಬಿಗಿಯಾಗಿ ಕೂರುತ್ತದೆ.

ಹಂತ 3: ಸಿಂಕಿನ ಕೆಳಗಿನ ಟ್ರ್ಯಾಪ್ ಬಿಚ್ಚಿರಿ. ಅಡುಗೆಮನೆಯಲ್ಲಿ ಸಿಂಕಿದ್ದು ಅದರ ಕೆಳಗೆ ಬಾಟಲಿಯಂಥ ಪ್ಲಾಸ್ಟಿಕ್ ಟ್ರ್ಯಾಪ್ ಇದ್ದರೆ, ಕೆಳಗೆ ಬಕೆಟ್ ಇಟ್ಟು ಅದರ ತಳದ ಮುಚ್ಚಳವನ್ನು ಕೈಯಿಂದಲೇ ತಿರುಗಿಸಿ ಬಿಚ್ಚಿ. ದೊಡ್ಡ ಪಾನಾ ಹಾಕಿ ತಿರುಗಿಸಿದರೆ ಪ್ಲಾಸ್ಟಿಕ್ ಮರೆ ಸವೆದು ಸೀಳುತ್ತದೆ. ಕೈ ಜಾರಿದರೆ ಒಣ ಬಟ್ಟೆ ಸುತ್ತಿ ತಿರುಗಿಸಿ. ಒಳಗಿನ ರಬ್ಬರ್ ವಾಷರ್ ಕಳೆಯದಂತೆ ಎತ್ತಿಟ್ಟು, ಗಸಿ ತೊಳೆದು, ಮತ್ತೆ ಅದೇ ಜಾಗಕ್ಕೆ ಕೂರಿಸಿ.

ಹಂತ 4: ರಬ್ಬರ್ ಬಟ್ಟಲಿನ ಪಂಪು ಬಳಸಿ. ಮರದ ಹಿಡಿಗೆ ರಬ್ಬರ್ ಬಟ್ಟಲು ಕೂರಿಸಿದ ಈ ಪಂಪು ಯಾವುದೇ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಬಟ್ಟಲು ಮುಳುಗುವಷ್ಟು ನೀರು ಇರಲಿ. ಅದೇ ಪೈಪಿಗೆ ಸೇರುವ ಇತರ ರಂಧ್ರಗಳನ್ನು ಒದ್ದೆ ಬಟ್ಟೆಯಿಂದ ಮುಚ್ಚಿ. ಮುಚ್ಚದಿದ್ದರೆ ಒತ್ತಿದ ಗಾಳಿ ಅಲ್ಲಿಂದ ಹೊರಹೋಗುತ್ತದೆ. ಈಗ ಬಟ್ಟಲನ್ನು ನೆಲಕ್ಕೆ ಒತ್ತಿ ಹಿಡಿದು 15-20 ಬಾರಿ ಮೇಲೆ ಕೆಳಗೆ ಆಡಿಸಿ, ಕೊನೆಯಲ್ಲಿ ಜೋರಾಗಿ ಮೇಲಕ್ಕೆ ಎಳೆಯಿರಿ. ಒತ್ತುವುದಕ್ಕಿಂತ ಎಳೆಯುವುದು ಮುಖ್ಯ. ಎರಡು ಮೂರು ಸಲ ಹೀಗೆ ಮಾಡಿದರೆ ಹೆಚ್ಚಿನ ಕಡೆ ನೀರು ಇಳಿಯುತ್ತದೆ.

ಹಂತ 5: ಬಾಗುವ ವಸ್ತುವಿನಿಂದ ಕೆದಕಿರಿ. ಉದ್ದನೆಯ ಪೈಪಿನಲ್ಲಿ ಕಟ್ಟಿದ್ದರೆ ನಿಮ್ಮ ತೋಟದಲ್ಲೇ ಒಳ್ಳೆಯ ಸಾಧನವಿದೆ. ಹನಿ ನೀರಾವರಿಯ 16 ಮಿ.ಮೀ. ಕಪ್ಪು ಪೈಪಿನ ಹಳೆಯ ತುಂಡು ತನ್ನಿ. ಅದು ತಿರುವಿನಲ್ಲಿ ಬಾಗುತ್ತದೆ, ಪೈಪನ್ನು ಗೀರುವುದಿಲ್ಲ. ತುದಿಯ ಚೂಪು ಅಂಚನ್ನು ಕತ್ತರಿಸಿ ನಯ ಮಾಡಿ, ನಿಧಾನವಾಗಿ ತೂರಿಸಿ. ಅಡ್ಡ ಸಿಕ್ಕಲ್ಲಿ ಬಲ ಹಾಕದೆ ಹಿಂದೆ ಮುಂದೆ ಆಡಿಸುತ್ತಾ ಸ್ವಲ್ಪ ತಿರುಗಿಸಿ. ನೇರ ಪೈಪಾದರೆ ಅಂಚು ಹೆರೆದು ತುದಿ ಮೊಂಡು ಮಾಡಿದ ಬಿದಿರಿನ ಸೀಳೂ ಆಗುತ್ತದೆ. ಚೇಂಬರ್ ಇದ್ದರೆ ಆ ಕೆಳಗಿನ ಕೊನೆಯಿಂದ ಮೇಲಕ್ಕೆ ತೂರಿಸುವುದು ಉತ್ತಮ. ಬಿಡಿಸಿಕೊಂಡ ಕಸ ನೀರಿನ ಜೊತೆ ತಾನಾಗಿ ಹೊರಬರುತ್ತದೆ. ಆದರೆ ನೀರು ಒಮ್ಮೆಲೇ ನುಗ್ಗುವುದರಿಂದ ಪೈಪಿನ ಬಾಯಿಗೆ ನೇರವಾಗಿ ನಿಲ್ಲದೆ ಪಕ್ಕಕ್ಕೆ ನಿಲ್ಲಿ. ಹೊರಬಂದ ಕಸವನ್ನು ಸಲಿಕೆಯಿಂದ ಎತ್ತಿ ತೆಗೆಯಿರಿ, ಮತ್ತೆ ಮುಂದಕ್ಕೆ ಬಿಡಬೇಡಿ. ಈ ಕೆಲಸಕ್ಕೆ ಬಳಸಿದ ಪೈಪಿನ ತುಂಡನ್ನು ಗುರುತು ಮಾಡಿ ಬೇರೆ ಇಡಿ. ಹಸುಗಳ ನೀರಿನ ತೊಟ್ಟಿಗೆ ಅದನ್ನು ಎಂದೂ ಬಳಸಬಾರದು.

ಹಂತ 6: ಜಿಡ್ಡಿಗೆ ಬಿಸಿನೀರು, ಸೋಡಾ. ನೀರು ನಿಧಾನವಾಗಿಯಾದರೂ ಇಳಿಯತೊಡಗಿದ ಮೇಲೆ ಉಳಿದ ಜಿಡ್ಡನ್ನು ಕರಗಿಸಬೇಕು. ಒಂದು ಪಾಲು ಕುದಿಯುವ ನೀರಿಗೆ ಒಂದೂವರೆ ಪಾಲು ತಣ್ಣೀರು ಬೆರೆಸಿದರೆ ಸುಮಾರು 55 ಡಿಗ್ರಿ ಸೆಲ್ಸಿಯಸ್ ಬಿಸಿಯಾಗುತ್ತದೆ. ಇಂಥ ಅರ್ಧ ಬಕೆಟ್ ನೀರಿಗೆ ಸುಮಾರು 100 ಗ್ರಾಂ ಬಟ್ಟೆ ಸೋಡಾ ಹಾಕಿ ಕೋಲಿನಿಂದ ಕಲಕಿ, ನಿಧಾನವಾಗಿ ಸುರಿಯಿರಿ. ಅರ್ಧ ಗಂಟೆ ಬಿಟ್ಟು ಎರಡು ಬಕೆಟ್ ಮಾಮೂಲಿ ನೀರು ಹಾಕಿ. ಸೋಡಾವನ್ನು ಅಲ್ಯೂಮಿನಿಯಂ ಪಾತ್ರೆಯಲ್ಲಿ ಕಲಸಬೇಡಿ, ಪಾತ್ರೆ ಕೆಡುತ್ತದೆ. ಬಿಸಿನೀರು ಮೈಮೇಲೆ ಚೆಲ್ಲದಂತೆ ಎಚ್ಚರವಿರಲಿ.

ಅಡುಗೆ ಸೋಡಾಕ್ಕೆ ನಿಂಬೆರಸ ಹಾಕಿ ಬಿಟ್ಟರೆ ಸಾಕು ಎಂದು ಈಗ ಮೊಬೈಲಿನಲ್ಲಿ ತೋರಿಸುತ್ತಾರೆ. ನೊರೆ ಉಕ್ಕುವುದು ನೋಡಲು ಚೆನ್ನ. ಆದರೆ ಅವೆರಡೂ ಒಂದರ ಶಕ್ತಿಯನ್ನು ಇನ್ನೊಂದು ಕಳೆಯುತ್ತವೆ. ಕೂದಲ ಗಂಟನ್ನಾಗಲಿ ಹುಲ್ಲಿನ ಗಂಟನ್ನಾಗಲಿ ಆ ನೊರೆ ಕರಗಿಸುವುದಿಲ್ಲ. ಹಾನಿಯಿಲ್ಲ, ಲಾಭವೂ ಕಡಿಮೆ.

ಇವುಗಳನ್ನು ಮಾಡಬೇಡಿ

ಆಸಿಡ್ ಸುರಿಯಬೇಡಿ. ಹಾಲಿಗೆ ನಿಂಬೆರಸ ಹಿಂಡಿದರೆ ಏನಾಗುತ್ತದೆ ಎಂಬುದು ನಿಮಗೆ ಗೊತ್ತು. ಹಾಲು ಒಡೆದು ಗಟ್ಟಿಯಾಗುತ್ತದೆ. ಹಾಲಿನ ಪಾತ್ರೆ ತೊಳೆದ ನೀರು ನಿಂತಿರುವ ಪೈಪಿಗೆ ಆಸಿಡ್ ಸುರಿದಾಗಲೂ ಇದೇ ಆಗುತ್ತದೆ. ಬಿಡಿಸಬೇಕಾದ ಕಟ್ಟು ಇನ್ನಷ್ಟು ಬಿಗಿಯಾಗುತ್ತದೆ. ಕೂದಲು, ಹುಲ್ಲು ಆಸಿಡ್‌ಗೆ ಸುಲಭವಾಗಿ ಕರಗುವುದಿಲ್ಲ. ಕರಗುವುದು ನಿಮ್ಮ ಸಿಮೆಂಟು. ಸಿಮೆಂಟ್ ಪೈಪು, ಚೇಂಬರಿನ ಗಾರೆ, ಕೀಲಿಗೆ ಹಾಕಿದ ಸಿಮೆಂಟು ಎಲ್ಲದರಲ್ಲೂ ಇರುವ ಸುಣ್ಣದಂಶವನ್ನು ಅದು ತಿನ್ನುತ್ತದೆ. ಕಬ್ಬಿಣದ ಪೈಪನ್ನೂ ತಿನ್ನುತ್ತದೆ. ಇಂದು ನೀರು ಇಳಿದಂತೆ ಕಂಡರೂ, ನೆಲದೊಳಗೆ ಕೀಲು ಸೋರಿ ಒಂದೆರಡು ಮಳೆಗಾಲದಲ್ಲಿ ಬಚ್ಚಲ ನೆಲವೇ ಕುಸಿಯಬಹುದು.

ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಕೂಡಿಸಲೇಬೇಡಿ. ಇವೆರಡೂ ಸೇರಿದರೆ ಕ್ಲೋರಿನ್ ಎಂಬ ವಿಷಗಾಳಿ ಏಳುತ್ತದೆ. ಕಿಟಕಿಯಿಲ್ಲದ ಸಣ್ಣ ಬಚ್ಚಲಲ್ಲಿ ಉಸಿರು ಕಟ್ಟಿ ಬೀಳಲು ಹೆಚ್ಚು ಹೊತ್ತು ಬೇಡ. ನಿನ್ನೆ ಒಬ್ಬರು ಬ್ಲೀಚಿಂಗ್ ಪೌಡರ್ ಹಾಕಿ, ಇಂದು ಮತ್ತೊಬ್ಬರು ತಿಳಿಯದೆ ಆಸಿಡ್ ಹಾಕಿದರೂ ಅಪಾಯವೇ.

ಕಾಸ್ಟಿಕ್ ಸೋಡಾ ಮನೆಯ ಕೆಲಸಕ್ಕೆ ಬೇಡ. ನೀರು ತಾಗಿದ ಕೂಡಲೇ ಅದು ಕುದಿಯುವಷ್ಟು ಬಿಸಿಯಾಗಿ ಸಿಡಿಯುತ್ತದೆ. ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಸರಿಯಾಗಿ ಹರಿಯದೆ ನಿಂತರೆ ಜಿಡ್ಡಿನ ಜೊತೆ ಸೇರಿ ಸಾಬೂನಿನ ಗಟ್ಟಿಯಾಗಿ ಪೈಪಿನಲ್ಲೇ ಕೂರುತ್ತದೆ. ಮೇಲಿಂದ ಯಾರಾದರೂ ರಬ್ಬರ್ ಪಂಪು ಒತ್ತಿದರೆ ಆ ನೀರು ಮುಖಕ್ಕೆ ಚಿಮ್ಮುತ್ತದೆ. ಈ ಹಿಂದೆ ಆಸಿಡ್ ಅಥವಾ ಕಾಸ್ಟಿಕ್ ಹಾಕಿದ್ದರೆ, ಕೆಲಸಕ್ಕೆ ಬಂದವರಿಗೆ ಮುಚ್ಚಿಡದೆ ಮೊದಲೇ ಹೇಳಿ.

ಕುದಿಯುವ ನೀರು ಸುರಿಯಬೇಡಿ. ಪಿವಿಸಿ ಪೈಪು ಸುಮಾರು 80 ಡಿಗ್ರಿ ಬಿಸಿಗೆ ಮೆತ್ತಗಾಗುತ್ತದೆ. 60 ಡಿಗ್ರಿ ದಾಟದಂತೆ ನೋಡಿಕೊಳ್ಳುವುದು ಕ್ಷೇಮ. ಹಂಡೆಯ ಕುದಿನೀರನ್ನು ನೇರವಾಗಿ ಸುರಿಯುವ ಅಭ್ಯಾಸದಿಂದ ಪೈಪು ಜೋತುಬಿದ್ದು, ಕೀಲು ಸಡಿಲವಾಗಿ, ತಗ್ಗಾದ ಜಾಗದಲ್ಲಿ ಮತ್ತೆ ಮತ್ತೆ ಕಟ್ಟುತ್ತದೆ. ಗಂಜಿ ಬಸಿಯುವಾಗಲೂ ಇದು ನೆನಪಿರಲಿ. ಗಂಜಿಯನ್ನು ಮೋರಿಗೆ ಚೆಲ್ಲದೆ ಆರಿಸಿ ಕಲಗಚ್ಚಿಗೆ ಹಾಕಿದರೆ ಹಸುವಿಗೂ ಆಯಿತು, ಪೈಪಿಗೂ ಕ್ಷೇಮ.

ಹಾರೆ, ಸರಳು ಚುಚ್ಚಬೇಡಿ. ಸರಳು ಬಾಗುವುದಿಲ್ಲ, ಪೈಪಿನ ತಿರುವು ಸರಿಯುವುದಿಲ್ಲ. ಆದ್ದರಿಂದ ತಿರುವೇ ಒಡೆಯುತ್ತದೆ. ಒಡೆದದ್ದು ನಿಮಗೆ ತಿಳಿಯುವುದೂ ಇಲ್ಲ. "ಸದ್ಯ, ನೀರು ಹೋಯಿತು" ಎಂದುಕೊಳ್ಳುತ್ತೀರಿ. ಅದು ಹೋಗುತ್ತಿರುವುದು ಪಾಯದೊಳಕ್ಕೆ.

ಮೋಟಾರಿನ ನೀರನ್ನು ರಭಸದಿಂದ ಬಿಡಬೇಡಿ. ಹೊಲಸು ನೀರಿನ ಪೈಪನ್ನು ನೀರು ತಾನಾಗಿ ಇಳಿದುಹೋಗಲೆಂದು ಮಾಡಿರುತ್ತಾರೆ, ಒತ್ತಡ ತಡೆಯಲೆಂದಲ್ಲ. ಪಂಪಿನ ಪೈಪನ್ನು ಬಿಗಿಯಾಗಿ ತುರುಕಿ ಮೋಟಾರು ಹಾಕಿದರೆ ರಬ್ಬರ್ ಉಂಗುರದ ಕೀಲುಗಳು ಕಳಚಿಕೊಳ್ಳುತ್ತವೆ.

ಆಸಿಡ್ ಅಥವಾ ಕಾಸ್ಟಿಕ್ ಮೈಮೇಲೆ, ಕಣ್ಣಿಗೆ ಬಿದ್ದರೆ ತಕ್ಷಣ ಹರಿಯುವ ನೀರಿನಲ್ಲಿ ಕನಿಷ್ಠ 20 ನಿಮಿಷ ತೊಳೆಯಿರಿ. ಎಣ್ಣೆ, ಅರಿಶಿನ, ಸುಣ್ಣ ಏನನ್ನೂ ಹಚ್ಚಬೇಡಿ. ಮಕ್ಕಳು ಕುಡಿದಿದ್ದರೆ ವಾಂತಿ ಮಾಡಿಸಬೇಡಿ. ಬಾಟಲಿಯ ಸಮೇತ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಹಳೆಯ ನೀರಿನ ಬಾಟಲಿ, ಶರಬತ್ತಿನ ಬಾಟಲಿಗಳಲ್ಲಿ ಆಸಿಡ್ ತುಂಬಿಡುವ ರೂಢಿಯನ್ನು ಇಂದೇ ಬಿಡಿ.

ಗುಂಡಿಗೆ ಇಳಿಯಬೇಡಿ, ಯಾರನ್ನೂ ಇಳಿಸಬೇಡಿ

ಈ ಪಾಠದ ಎಲ್ಲ ಮಾತು ಮರೆತರೂ ಇದೊಂದನ್ನು ಮರೆಯಬೇಡಿ. ಶೌಚಾಲಯದ ಗುಂಡಿ, ಸೆಪ್ಟಿಕ್ ಟ್ಯಾಂಕ್, ಆಳದ ಚೇಂಬರ್, ಗೋಬರ್ ಗ್ಯಾಸ್ ಗುಂಡಿ, ಮುಚ್ಚಿದ ಗಂಜಲದ ತೊಟ್ಟಿ ಇವುಗಳಲ್ಲಿ ವಿಷಗಾಳಿ ತುಂಬಿರುತ್ತದೆ. ಅದರಲ್ಲಿ ಒಂದು ಹೈಡ್ರೋಜನ್ ಸಲ್ಫೈಡ್. ಸ್ವಲ್ಪವಿದ್ದಾಗ ಅದು ಕೊಳೆತ ಮೊಟ್ಟೆಯಂತೆ ನಾರುತ್ತದೆ. ಹೆಚ್ಚಾದಾಗ ನಮ್ಮ ಮೂಗಿನ ಶಕ್ತಿಯನ್ನೇ ಕಳೆಯುತ್ತದೆ. "ವಾಸನೆ ಇಲ್ಲ, ಇಳಿಯಬಹುದು" ಎಂದವರು ಮೋಸ ಹೋಗುವುದು ಹೀಗೆ. ಅದು ಗಾಳಿಗಿಂತ ಭಾರ, ಗುಂಡಿಯ ತಳದಲ್ಲೇ ನಿಲ್ಲುತ್ತದೆ. ಒಂದೆರಡು ಉಸಿರಿಗೇ ಮನುಷ್ಯ ಕುಸಿಯಬಹುದು. ದೀಪ ಇಳಿಸಿ ಪರೀಕ್ಷೆ ಮಾಡುವ ಹಳೆಯ ಪದ್ಧತಿಯೂ ಬೇಡ. ಗುಂಡಿಯಲ್ಲಿ ಮೀಥೇನ್ ಇದ್ದರೆ ಬೆಂಕಿ ಹತ್ತಿ ಸಿಡಿಯುತ್ತದೆ.

ಒಬ್ಬರು ಬಿದ್ದರೆಂದು ಅವರನ್ನು ಎತ್ತಲು ಇಳಿದ ಅಣ್ಣ, ಅವನನ್ನು ಎತ್ತಲು ಇಳಿದ ಮಗ, ಹೀಗೆ ಒಂದೇ ಮನೆಯ ಎರಡು ಮೂರು ಜೀವ ಹೋಗುವುದನ್ನು ನಾವು ವರ್ಷ ವರ್ಷವೂ ದಿನಪತ್ರಿಕೆಗಳಲ್ಲಿ ಓದುತ್ತಿದ್ದೇವೆ. ಯಾರಾದರೂ ಬಿದ್ದರೆ ನೀವು ಇಳಿಯದೆ 112ಕ್ಕೆ ಕರೆ ಮಾಡಿ ಅಗ್ನಿಶಾಮಕ ದಳವನ್ನು ಕರೆಸಿ. ಆಂಬುಲೆನ್ಸಿಗೆ 108. ಹಗ್ಗ ಇಳಿಬಿಟ್ಟು ಬಿದ್ದವರು ಹಿಡಿದುಕೊಳ್ಳುವಂತಿದ್ದರೆ ಮೇಲಿನಿಂದಲೇ ಎಳೆಯಿರಿ.

ಹಣ ಕೊಟ್ಟು ಬೇರೆಯವರನ್ನು ಇಳಿಸುವುದೂ ಅಷ್ಟೇ ದೊಡ್ಡ ತಪ್ಪು. ಅವರ ಮನೆಯಲ್ಲೂ ಹೆಂಡತಿ ಮಕ್ಕಳು ಕಾಯುತ್ತಿರುತ್ತಾರೆ. ಸೆಪ್ಟಿಕ್ ಟ್ಯಾಂಕ್ ಅಥವಾ ಒಳಚರಂಡಿಯನ್ನು ಅಪಾಯಕರ ರೀತಿಯಲ್ಲಿ ಶುಚಿ ಮಾಡಲು ಯಾರನ್ನೂ ನೇಮಿಸಬಾರದೆಂದು 2013ರ ಕಾಯ್ದೆ ನಿಷೇಧಿಸಿದೆ. ಮೊದಲ ಸಲದ ತಪ್ಪಿಗೇ 2 ವರ್ಷದವರೆಗೆ ಸೆರೆವಾಸ, ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಇಂಥ ಕೆಲಸದಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಆದೇಶಿಸಿತು. ಗುಂಡಿ ತುಂಬಿದ್ದರೆ ನಿಮ್ಮ ಪಂಚಾಯಿತಿಯಲ್ಲಿ ಅಥವಾ ಹತ್ತಿರದ ಪುರಸಭೆಯಲ್ಲಿ ವಿಚಾರಿಸಿ ಹೀರುವ ಯಂತ್ರದ ವಾಹನ ತರಿಸಿ.

ಮತ್ತೆ ಕಟ್ಟದಂತೆ ನೋಡಿಕೊಳ್ಳುವುದು

ಬಿಡಿಸುವ ಕೆಲಸಕ್ಕಿಂತ ಕಟ್ಟದಂತೆ ನೋಡಿಕೊಳ್ಳುವುದು ಸುಲಭ, ಖರ್ಚೂ ಇಲ್ಲ.

1. ಕೊಟ್ಟಿಗೆಗೆ ನೀರು ಹಾಕುವ ಮುಂಚೆ ಸಗಣಿ, ಹುಲ್ಲು ಬಾಚಿ ತೆಗೆಯಿರಿ. ಸಗಣಿ ಗೊಬ್ಬರವಾಗಬೇಕು, ಮೋರಿಯ ಪಾಲಾಗಬಾರದು. ಹೀಗೆ ಮಾಡಿದರೆ ತೊಳೆಯಲು ನೀರೂ ಕಡಿಮೆ ಸಾಕು.

2. ಕೊಟ್ಟಿಗೆಯೊಳಗೆ ತೆರೆದ ಮೋರಿಯೇ ಉತ್ತಮ. ಕಟ್ಟಿದ್ದು ಕಣ್ಣಿಗೆ ಕಾಣುತ್ತದೆ, ಪೊರಕೆಗೆ ಸಿಗುತ್ತದೆ. ಮೂಲೆಗಳನ್ನು ಚೌಕವಾಗಿ ಬಿಡದೆ ದುಂಡಗೆ ಗಾರೆ ಮಾಡಿಸಿ.

3. ತೆರೆದ ಮೋರಿ ಪೈಪಿಗೆ ಸೇರುವ ಜಾಗದಲ್ಲಿ ಸುಮಾರು ಒಂದೂವರೆ ಅಡಿ ಉದ್ದ, ಅಗಲ, ಆಳದ ಹೂಳು ತೊಟ್ಟಿ ಕಟ್ಟಿಸಿ, ಮುಂದೆ ಜಾಲರಿ ಹಾಕಿಸಿ. ಪೈಪಿನ ಬಾಯಿ ತೊಟ್ಟಿಯ ತಳಕ್ಕಿಂತ ಮೇಲಿರಲಿ. ಮಣ್ಣು, ಹುಲ್ಲು ತೊಟ್ಟಿಯಲ್ಲೇ ಉಳಿಯುತ್ತವೆ. ವಾರಕ್ಕೆರಡು ಸಲ ಎತ್ತಿ ತಿಪ್ಪೆಗೆ ಹಾಕಿ. ಮಗು, ಕರು ಬೀಳದಂತೆ ಮುಚ್ಚಳವಿರಲಿ.

4. ಇಳಿಜಾರು ಸರಿಯಿರಲಿ. ಕೊಟ್ಟಿಗೆಯ ನೆಲಕ್ಕೆ ಪ್ರತಿ 5 ಅಡಿಗೆ 1ರಿಂದ ಒಂದೂವರೆ ಅಂಗುಲ ಇಳಿಜಾರು ಬೇಕು. 4 ಅಂಗುಲದ ಪೈಪಿಗೆ ಪ್ರತಿ 10 ಅಡಿಗೆ 2 ಅಂಗುಲ ಸಾಕು. ಪೈಪು ಹೂಳುವ ಮುಂಚೆ ದಾರ ಕಟ್ಟಿ ಅಳೆಯುವಂತೆ ಮೇಸ್ತ್ರಿಗೆ ಹೇಳಿ.

5. ಹೊಸ ಪೈಪು ಕೊಳ್ಳುವಾಗ ಅದರ ಮೇಲೆ ಐ.ಎಸ್. 13592 ಎಂಬ ಗುರುತು ನೋಡಿ. ಹೊಲಸು ನೀರಿಗೆ 'ಬಿ' ಬಗೆಯ ಪೈಪೇ ಆಗಬೇಕು. 'ಎ' ಬಗೆ ತೆಳುವಾಗಿದ್ದು ಮಳೆನೀರಿಗೆ ಮತ್ತು ಗಾಳಿ ಕೊಳವೆಗೆ ಮಾತ್ರ ತಕ್ಕದ್ದು.

6. ಹಾಲಿನ ಪಾತ್ರೆಯನ್ನು ಮೊದಲು ತಣ್ಣೀರಿನಲ್ಲಿ ಜಾಲಿಸಿ, ಆ ನೀರನ್ನು ಕಲಗಚ್ಚಿಗೆ ಸುರಿಯಿರಿ. ಆಮೇಲೆ ಬಿಸಿನೀರು, ಸೋಡಾ ಬಳಸಿ ತೊಳೆಯಿರಿ. ಮೊದಲೇ ಬಿಸಿನೀರು ಹಾಕಿದರೆ ಹಾಲಿನ ಅಂಶ ಪಾತ್ರೆಗೆ ಕಚ್ಚಿಕೊಳ್ಳುತ್ತದೆ. ತಣ್ಣೀರಿನಿಂದ ಆರಂಭಿಸಿದರೆ ಪಾತ್ರೆಯೂ ಶುದ್ಧ, ಪೈಪಿಗೆ ಹೋಗುವ ಜಿಡ್ಡೂ ಕಡಿಮೆ.

7. ತಲೆ ಬಾಚಿದ ಕೂದಲು, ಮುಟ್ಟಿನ ಪ್ಯಾಡ್, ಶಾಂಪೂ ಪೊಟ್ಟಣ, ಪಶು ಔಷಧದ ಸೀಸೆ ಮುಚ್ಚಳ ಇವಾವುವೂ ಮೋರಿಗೆ ಬೀಳಬಾರದು. ಬಚ್ಚಲಲ್ಲಿ ಒಂದು ಕಸದ ಡಬ್ಬ ಇಡಿ.

8. ವಾರಕ್ಕೊಮ್ಮೆ ಜಾಲರಿ ಎತ್ತಿ ಶುಚಿ ಮಾಡಿ. ತಿಂಗಳಿಗೊಮ್ಮೆ ಹಂತ 6ರಲ್ಲಿ ಹೇಳಿದ ಸೋಡಾ ನೀರು ಹಾಕಿ. ಮಳೆಗಾಲಕ್ಕೆ ಮುಂಚೆ ಚೇಂಬರಿನ ಹೂಳು ಸಲಿಕೆಯಿಂದ ಮೇಲಿನಿಂದಲೇ ತೆಗೆಯಿರಿ.

ಹಸುವನ್ನು ಹಾಲು ಕರೆದ ಕೂಡಲೇ ಮಲಗಲು ಬಿಡದೆ, ಮುಂದೆ ಮೇವು ಹಾಕಿ ಅರ್ಧ ಗಂಟೆ ನಿಲ್ಲಿಸಿಕೊಳ್ಳಿ. ಮೋರಿ ಕಟ್ಟಿದ ದಿನವಂತೂ ಇದನ್ನು ತಪ್ಪಿಸಬೇಡಿ. ನೆಲ ಒಣಗುವವರೆಗೆ ಹಸುಗಳನ್ನು ಹೊರಗೆ ಮರದಡಿ ಕಟ್ಟಿದರೆ ಇನ್ನೂ ಒಳ್ಳೆಯದು.

ನಿಮ್ಮ ತಿಳುವಳಿಕೆಯನ್ನು ಪರೀಕ್ಷಿಸಿಕೊಳ್ಳಿ

ಪ್ರಶ್ನೆ 1: ಚೇಂಬರ್ ತುಂಬಿದೆ. ಕಟ್ಟಿರುವುದು ಎಲ್ಲಿ?
ಉತ್ತರ: ಚೇಂಬರಿನಿಂದ ಮುಂದಿನ ಪೈಪಿನಲ್ಲಿ ಅಥವಾ ಕೊನೆಯ ಗುಂಡಿಯಲ್ಲಿ.

ಪ್ರಶ್ನೆ 2: ಹಾಲಿನ ಪಾತ್ರೆ ತೊಳೆಯುವ ಮೋರಿಗೆ ಆಸಿಡ್ ಏಕೆ ಹಾಕಬಾರದು?
ಉತ್ತರ: ಹಾಲಿನ ಅಂಶ ಒಡೆದು ಇನ್ನೂ ಗಟ್ಟಿಯಾಗುತ್ತದೆ. ಸಿಮೆಂಟ್ ಕೀಲು ಕೆಡುತ್ತದೆ. ಕಣ್ಣು, ಚರ್ಮಕ್ಕೆ ಅಪಾಯ.

ಪ್ರಶ್ನೆ 3: ಪೈಪಿಗೆ ಹಾಕುವ ಬಿಸಿನೀರು ಹೇಗಿರಬೇಕು?
ಉತ್ತರ: ಒಂದು ಪಾಲು ಕುದಿನೀರಿಗೆ ಒಂದೂವರೆ ಪಾಲು ತಣ್ಣೀರು ಬೆರೆಸಿರಬೇಕು.

ಪ್ರಶ್ನೆ 4: ಗುಂಡಿಯಲ್ಲಿ ಕೆಟ್ಟ ವಾಸನೆ ಇಲ್ಲ. ಇಳಿಯಬಹುದೇ?
ಉತ್ತರ: ಖಂಡಿತ ಇಳಿಯಬಾರದು. ವಾಸನೆ ತಿಳಿಯದಿರುವುದೇ ಹೆಚ್ಚು ವಿಷಗಾಳಿ ಇರುವುದರ ಲಕ್ಷಣವಾಗಿರಬಹುದು.

ಬಂಧುಗಳೇ, ಮೋರಿ ಕಟ್ಟಿದ ದಿನ ಅವಸರವಾಗುವುದು ಸಹಜ. ಸಂಘದ ಹೊತ್ತು ಮೀರುತ್ತದೆಂಬ ಆತಂಕವೂ ಸಹಜ. ಅಂದು ಪಾತ್ರೆಯನ್ನು ಅಂಗಳದಲ್ಲಿ ತೊಳೆದುಕೊಂಡು ಹಾಲು ಹಾಕಿ ಬನ್ನಿ. ಆಮೇಲೆ ನಿಧಾನವಾಗಿ ಜಾಲರಿ ಎತ್ತಿ ನೋಡಿ. ಒಂದು ಹಿಡಿ ಕೂದಲು ಅಥವಾ ಹುಲ್ಲು ತೆಗೆಯುವುದರಲ್ಲೇ ಕೆಲಸ ಮುಗಿಯಬಹುದು. ಈ ಪಾಠವನ್ನು ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ಓದಿಸಿ, ಹೀರುವ ಯಂತ್ರದ ವಾಹನದವರ ದೂರವಾಣಿ ಸಂಖ್ಯೆಯನ್ನು ಸಂಘದ ಫಲಕದ ಮೇಲೆ ಬರೆಸಿರಿ. ಒಣಗಿದ ನೆಲ, ಹರಿಯುವ ಮೋರಿ, ಕ್ಷೇಮವಾಗಿರುವ ಮನೆಮಂದಿ ಇದ್ದರೆ ಶುದ್ಧ ಹಾಲು ತಾನಾಗಿಯೇ ಬರುತ್ತದೆ.